ಒಂದೇ ಒಂದು ಎಕ್ಸ್‌ರೇ

ಹನ್ನೆರಡನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ಬಾಣಂತಿಯೊಬ್ಬಳು ಗಂಡನ ತೋಳು ಹಿಡಿದು ಠಾಣೆಯ ಮೆಟ್ಟಿಲು ಹತ್ತಿದಳು. ಒಂದೇ ದಿನ ಬದುಕಿದ್ದ ಮಗನ ಎಕ್ಸ್‌ರೇ ಆಸ್ಪತ್ರೆಯಲ್ಲಿ ಕಾಣೆಯಾಗಿದೆ ಎಂಬುದು ಅವಳ ದೂರು.

"ಅದ್ಯಾಕಮ್ಮ ನಿಮಗೆ?" ಇನ್ಸ್‌ಪೆಕ್ಟರ್ ಕೇಳಿದರು.

"ಫೋಟೋ ತೆಗ್ದಿರ್ಲಿಲ್ಲ ಸಾರ್. ಎತ್ಕೊಳ್ಳೋಕೂ ಕೊಡ್ಲಿಲ್ಲ. ಎಕ್ಸ್‌ರೇ ತೆಗ್ದಿದ್ದನ್ನ ಗಾಜಿನಾಚೆಯಿಂದ ನೋಡ್ದೆ. ಅವನ ಗುರುತು ಅಂತ ಇರೋದು ಅದೊಂದೇ."

"ಇದಕ್ಕೂ ಎಫ್‌ಐಆರಾ?" ಎಂದು ಹೆಡ್ ಕಾನ್ಸ್‌ಟೇಬಲ್ ಮೂಗು ಮುರಿದ. ಇನ್ಸ್‌ಪೆಕ್ಟರ್ ಅವನತ್ತ ಕಾಗದ ತಳ್ಳಿದರು. "ಬರೀರಿ" ಎಂದರು.

ಆಸ್ಪತ್ರೆಯ ಕಡತವೋ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ! ಮಗುವಿನ ಎದೆಯೊಳಗೆ ಗಾಳಿ ತುಂಬಿತ್ತು, ಅದನ್ನು ಹೊರತೆಗೆಯಲು ಕಿರಿಯ ಡಾಕ್ಟರು ಪಕ್ಕೆಲುಬುಗಳ ನಡುವೆ ನಳಿಕೆ ಹಾಕಿದರು, ಫಲಿಸಲಿಲ್ಲ. ಎಕ್ಸ್‌ರೇ ತೆಗೆದಿಲ್ಲ ಎಂದೇ ಅದರಲ್ಲಿತ್ತು. ಆದರೆ ಎಕ್ಸ್‌ರೇ ಕೋಣೆಯ ರಿಜಿಸ್ಟರ್ ಬೇರೆಯೇ ಹೇಳಿತು: ಒಂಬತ್ತನೇ ತಾರೀಖು, ಬೆಳಿಗ್ಗೆ 11.40, ನವಜಾತ ಶಿಶು, ಒಂದು ಫಿಲ್ಮ್.

"ಯಾರಿಗೆ ಕೊಟ್ಟೆ?"

ಟೆಕ್ನಿಷಿಯನ್ ರಿಜಿಸ್ಟರ್ ಮುಚ್ಚಿದ. "ಆ ಡಾಕ್ಟರ್ ಕೈಗೇ ಸಾರ್. ನಳಿಕೆ ಸರಿಯಾಗಿ ಕೂತಿದೆಯಾ ನೋಡ್ಬೇಕು ಅಂದ್ರು."

ಮೂರು ಗಂಟೆಗೆ ಡಾಕ್ಟರ ಕೋಣೆಯಲ್ಲಿ ಪಂಚನಾಮೆ. ಪರದೆ ಸರಿಸಿದರೆ ಕಿಟಕಿಯ ಗಾಜಿಗೇ ಅಂಟಿಸಿದ್ದ ಫಿಲ್ಮ್! ನಳಿಕೆಯ ತುದಿ ಶ್ವಾಸಕೋಶವನ್ನೇ ಚುಚ್ಚಿದ್ದನ್ನು ಕಿರಿಯ ಡಾಕ್ಟರೇ ಬೆರಳಿಟ್ಟು ತೋರಿಸಿದರು.

"ನುರಿತವರ ಕೈಯಲ್ಲೂ ಹೀಗಾಗುತ್ತಂತಲ್ಲ. ದೊಡ್ಡ ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಬಯ್ತಾರೆ ಅಂತ ಒಂದು ಗಂಟೆ ಸುಮ್ನಿದ್ದೆ. ಆಮೇಲೆ ಮಗುನೇ ಉಳೀಲಿಲ್ಲ."

"ಇದನ್ನ ಸುಟ್ಟು ಹಾಕಬಹುದಿತ್ತು."

"ಕೈ ಬರ್ಲಿಲ್ಲ ಸಾರ್. ನಳಿಕೇನ ಎಲ್ಲಿ ನಿಲ್ಲಿಸ್ಬೇಕಿತ್ತು ಅಂತ ದಿನಾ ನೋಡ್ತೀನಿ. ಆ ಗಳಿಗೆ ಇನ್ನೊಂದ್ಸಲ ಸಿಕ್ಕಿದ್ರೆ..."

ನಾಲ್ಕೂ ಇಪ್ಪತ್ತಕ್ಕೆ, ಸಾಕ್ಷ್ಯ ಮುಚ್ಚಿಟ್ಟ ಆರೋಪದ ಮೇಲೆ ಡಾಕ್ಟರ ದಸ್ತಗಿರಿ. ಬಚ್ಚಿಟ್ಟದ್ದು ಹೆದರಿಕೆಯಿಂದ, ಕೆಟ್ಟತನದಿಂದಲ್ಲ ಎಂದು ಇನ್ಸ್‌ಪೆಕ್ಟರ್ ಡೈರಿಯಲ್ಲಿ ಬರೆದುಕೊಂಡರು. ಆದರೂ 'ಒಂದು ಗಂಟೆ' ಎಂಬುದರ ಕೆಳಗೆ ಎರಡು ಗೆರೆ ಎಳೆದರು.

ಠಾಣೆಯ ಬೆಂಚಿನ ಮೇಲೆ ಗಂಡಹೆಂಡಿರು ಕಾದು ಕೂತಿದ್ದರು.

"ಕೇಸು ಮುಗಿಯೋವರೆಗೂ ಕೊಡೋಕಾಗಲ್ಲಮ್ಮ. ಕಣ್ತುಂಬ ನೋಡ್ಕೊಳ್ಳಿ" ಎಂದು ಇನ್ಸ್‌ಪೆಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದರು. ನಳಿಕೆ ತೋರಿಸಹೋದರೆ ಅವಳು ಅತ್ತ ನೋಡಲೇ ಇಲ್ಲ. ಫಿಲ್ಮಿನ ಅಂಚಿನಲ್ಲಿ ಮಗುವಿನ ಪುಟ್ಟ ತೋಳನ್ನು ದೊಡ್ಡ ಬೆರಳುಗಳ ಮೂಳೆಗಳು ಹಿಡಿದುಕೊಂಡಿದ್ದವು.

"ಇದ್ಯಾರ ಕೈ ಸಾರ್?"

"ನಂದು" ಎಂದರು ಮೂಲೆಯಲ್ಲಿದ್ದ ಡಾಕ್ಟರು, ತಲೆ ಎತ್ತದೆ. "ಅಲುಗಾಡದ ಹಾಗೆ ಹಿಡ್ಕೊಂಡಿದ್ದೆ."

ಗಂಡ ಹಲ್ಲು ಕಚ್ಚಿದ. ಅವಳು ನೇರ ಡಾಕ್ಟರ ಮುಂದೆ ಹೋಗಿ ನಿಂತಳು. ಎಲ್ಲಿ ಕೈ ಮಾಡುತ್ತಾಳೋ ಎಂದು ಹೆಡ್ ಕಾನ್ಸ್‌ಟೇಬಲ್ ಧಡಕ್ಕನೆ ಎದ್ದ.

"ಬೆಚ್ಚಗಿದ್ನಾ?" ಎಂದು ಕೇಳಿದಳು.

"ಬೆಚ್ಚಗಿದ್ದ ಅಮ್ಮ."

"ಇನ್ನೊಂದ್ಸಲ ಹೇಳಿ."