ಕೆಂಪು ಪಟ್ಟಿಯ ಹಗ್ಗ

ಮೇವಿಸ್ ಹೀತ್ ಬಾಗಿಲು ತಟ್ಟದೆಯೇ ಒಳಗೆ ನುಗ್ಗಿದಾಗ ನಾನು ಮಿಸ್ ಶೆಂಟನ್ ಅವರ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅವಳ ಏಪ್ರನ್ನಿನ ಮೇಲೆ ಹಿಟ್ಟು ಹಾಗೇ ಇತ್ತು, ಕಣ್ಣು ಊದಿಕೊಂಡಿತ್ತು.

"ಬಲೂನಿನ ಹಗ್ಗ ಕುಯ್ದಿದ್ದು ನಾನೇ ಅಂತ ನನ್ನ ತಲೆ ಮೇಲೆ ಗೂಬೆ ಕೂರಿಸ್ತಿದಾರೆ ಮಿಸ್. ಶನಿವಾರದೊಳಗೆ ಅಂಗಡಿ ಖಾಲಿ ಮಾಡ್ಬೇಕಂತೆ. ನಮ್ಮಮ್ಮ ಹಾಕಿದ ಅಂಗಡಿ ಅದು."

ಓಕನ್‌ಲೋ ಹಳ್ಳಿಯಲ್ಲಿ ಯಾರಿಗೇ ತೊಂದರೆಯಾದರೂ ಮೊದಲು ಬರುವುದು ಇಲ್ಲಿಗೇ, ಪೊಲೀಸರ ಹತ್ತಿರ ಹೋಗುವುದು ಆಮೇಲೆ. ಮಿಸ್ ಹ್ಯಾರಿಯೆಟ್ ಶೆಂಟನ್ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ಸುಳ್ಳು ಹೇಳುವವರ ಮಾತನ್ನು ಬರೆದುಕೊಂಡವರಿಗೆ ನಿಜ ಯಾವುದೆಂದು ವಾಸನೆಯಲ್ಲೇ ಗೊತ್ತಾಗುತ್ತದೆ. ನಾನು ಹೊರೇಸ್ ಬ್ಲೂರ್, ಹಳೇ ಬಸ್ ಡ್ರೈವರ್, ಅವರ ಕೆಳಗಿನ ಕೋಣೆಯ ಬಾಡಿಗೆದಾರ. ಅವರ ಪತ್ತೇದಾರಿಕೆಯಲ್ಲಿ ಕೆಸರು ತುಳಿಯುವ ಕೆಲಸವೆಲ್ಲ ನನ್ನದು.

ಒಂದು ವರ್ಷದಿಂದ ನಮ್ಮೂರಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೆಳಗಿನ ಕಣಿವೆಯ ಹಾರ್ಟ್ಸ್‌ಮೂರ್ ಮನರಂಜನಾ ಪಾರ್ಕಿನಲ್ಲಿ, ಹಳಿ ಮೇಲೆ ಏರಿ ಧುಮುಕುವ ದೈತ್ಯ ರೋಲರ್ ಕೋಸ್ಟರ್ ಬರುತ್ತದಂತೆ. ಎಷ್ಟು ಎತ್ತರ? ಪಾರ್ಕಿನವರು ಬಾಯಿ ಬಿಡುತ್ತಿರಲಿಲ್ಲ. ಭಾನುವಾರ ಬಂತೆಂದರೆ ಕೋಸ್ಟರ್ ಹುಚ್ಚಿನವರ ದಂಡು ಬೇಲಿಯ ಪಕ್ಕ ದುರ್ಬೀನು ಹಿಡಿದು ನಿಂತು, ನೆಲಕ್ಕೆ ಹೊಡೆದ ಗೂಟ ಕಂಡರೂ ಫೋಟೊ ತೆಗೆಯುತ್ತಿತ್ತು. ಅವರ ಮುಖಂಡ ಡೆಸ್ಮಂಡ್ ಟನಿಕ್ಲಿಫ್. ಇಂಟರ್‌ನೆಟ್ಟಿನಲ್ಲಿ ವಾರವಾರವೂ ಮುಖ ತೋರಿಸಿ, "ಪಾರ್ಕ್ ಒಳಗಿರೋ ನಮ್ಮವರು ಹೇಳಿದಾರೆ, ಇಡೀ ಬ್ರಿಟನ್ನಿನಲ್ಲೇ ಇದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ" ಎಂದು ಆಣೆ ಇಡುತ್ತಿದ್ದ. ಸಾವಿರಾರು ಜನ ನಂಬಿದ್ದರು.

ಕೋಸ್ಟರಿಗೆ ಒಪ್ಪಿಗೆ ಕೊಡುವ ಮೊದಲು ಕೌನ್ಸಿಲ್ ಒಂದು ಷರತ್ತು ಹಾಕಿತ್ತು. ಅದರ ತುದಿ ಎಲ್ಲಿಗೆ ಮುಟ್ಟುತ್ತದೋ ಅಷ್ಟೇ ಎತ್ತರಕ್ಕೆ ದೊಡ್ಡ ಬಲೂನು ಹಾರಿಸಬೇಕು, ಹಳ್ಳಿಯವರೆಲ್ಲ ತಮ್ಮ ಕಿಟಕಿಯಿಂದ ನೋಡಬೇಕು. ಬಲೂನು ಹಾರಿಸುವ ಹಿಂದಿನ ಸಂಜೆ ಊರ ಸಭಾಮನೆಯಲ್ಲಿ ಈ ವಿಷಯಕ್ಕೆ ಕೂಗಾಟವಾಯಿತು. ಮೇವಿಸ್ ಪಾರ್ಕಿನ ಗೇಟಿನಲ್ಲೇ ಓಟ್ಸ್ ರೊಟ್ಟಿ ಮಾರುವವಳು, ಆದರೆ ಅವಳ ಮಲಗುವ ಕೋಣೆಯ ಕಿಟಕಿ ಸರಿಯಾಗಿ ಆ ಜಾಗಕ್ಕೇ ತೆರೆಯುತ್ತದೆ. ಎದ್ದು ನಿಂತು, "ಹಾರಿಸಿ ನೋಡಿ, ನಾನೇ ಕುಯ್ದು ಬಿಸಾಕ್ತೀನಿ" ಎಂದುಬಿಟ್ಟಳು. ಬೆಳಿಗ್ಗೆ ಮಂಜು ಕವಿದಿದ್ದಾಗಲೇ ಬಲೂನು ಹಾರಿಸಿದರು. ಮಂಜು ಕರಗುವಷ್ಟರಲ್ಲಿ ಬಲೂನು ಮಾಯವಾಗಿತ್ತು. ಹಗ್ಗ ಸುತ್ತುವ ರಾಟೆಯ ಪಕ್ಕದಲ್ಲಿ ಮೇವಿಸ್‌ಳ ರೊಟ್ಟಿ ಕೊಯ್ಯುವ ಚಾಕು ಬಿದ್ದಿತ್ತು, ಪೊಲೀಸರು ಅದನ್ನು ಎತ್ತಿಕೊಂಡು ಹೋಗಿದ್ದರು.

"ಚಾಕು ನಿಂದೇನಾ?" ಎಂದು ಮಿಸ್ ಶೆಂಟನ್ ಕೇಳಿದರು.

"ನಂದೇ. ಸಭೇಲಿ ಎಲ್ರಿಗೂ ರೊಟ್ಟಿ ಕುಯ್ದು ಕೊಟ್ಟೆ. ಸಿಟ್ಟಲ್ಲಿ ಅಲ್ಲೇ ಮರೆತು ಬಂದೆ."

ಅಂದರೆ ಸಭೆಯಲ್ಲಿ ರೊಟ್ಟಿ ತಿಂದವರಲ್ಲಿ ಯಾರು ಬೇಕಾದರೂ ಎತ್ತಿಕೊಂಡಿರಬಹುದು. ನನ್ನ ಅನುಮಾನ ಆಗಲೇ ಪಾರ್ಕಿನ ಮ್ಯಾನೇಜರ್ ಜೂಲಿಯನ್ ಫ್ರೇನ್ ಮೇಲೆ ಬಿತ್ತು. ಎದುರು ಮಾತಾಡುವ ಮೇವಿಸ್‌ಳನ್ನು ಗೇಟಿನಿಂದ ಓಡಿಸಲು ಅವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಗುಡ್ಡದ ಮೇಲಿನ ಬಂಗಲೆಯ ರೂಪರ್ಟ್ ಆಲ್ಕಾಕ್ ಕೂಡ ಸಾಚಾ ಮನುಷ್ಯನಲ್ಲ. ತನ್ನ ಮನೆಯ ನೋಟ ಹಾಳಾದರೆ ಕೋರ್ಟಿಗೆ ಎಳೆಯುತ್ತೇನೆಂದು ಸಭೆಯಲ್ಲಿ ಗುಡುಗಿದ್ದ. ಡೆಸ್ಮಂಡ್ ಮಾತ್ರ ಹಲ್ಲು ಕಿಸಿಯುತ್ತ, ಕೊರಳಿಗೆ ನೇತುಹಾಕಿಕೊಂಡಿದ್ದ ಮರದ ಚಕ್ಕೆಯನ್ನು ಎಲ್ಲರಿಗೂ ತೋರಿಸುತ್ತಿದ್ದ. ಯಾವುದೋ ಕೆಡವಿದ ಹಳೇ ಕೋಸ್ಟರಿನದಂತೆ. ಅವನ ಬೀಗದ ಕೈಗೊಂಚಲಿನಲ್ಲಿ ಇನ್ನೊಂದರ ತುಕ್ಕು ಹಿಡಿದ ಬೋಲ್ಟು. ನೋಡಿ ನನಗೆ ಮೈ ಉರಿದಿತ್ತು.

ನಾವು ರಾಟೆಯ ಹತ್ತಿರ ಹೋದೆವು. ರಾಟೆಯವನು ತಲೆ ತಗ್ಗಿಸಿಯೇ ಮಾತಾಡಿದ. ಹಗ್ಗದ ಮೇಲೆ ಕೋಸ್ಟರಿನ ಎತ್ತರಕ್ಕೆ ಅಳೆದು ಕೆಂಪು ಪಟ್ಟಿ ಸುತ್ತಿದ್ದನಂತೆ. ಆ ಪಟ್ಟಿ ರಾಟೆಯ ಬಾಯಿಗೆ ಬಂದೊಡನೆ ಬಲೂನನ್ನು ನಿಲ್ಲಿಸಿ, ಮಂಜು ಕರಗುವವರೆಗೆ ಚಹಾ ಕುಡಿಯೋಣವೆಂದು ವ್ಯಾನಿಗೆ ಹೋಗಿದ್ದ. ಮಿಸ್ ಶೆಂಟನ್ ಅವನನ್ನು ಪಕ್ಕಕ್ಕೆ ಕರೆದು ಇನ್ನೂ ಏನೇನೋ ಕೇಳಿದರು. ರಾಟೆಯಲ್ಲಿ ಉಳಿದ ಹಗ್ಗದಲ್ಲಿ ಕೆಂಪು ಪಟ್ಟಿ ಇರಲಿಲ್ಲ.

"ಹಂಗಾದ್ರೆ ಬಲೂನಿನ ಜೊತೆ ಹೋಗಿರತ್ತೆ," ಎಂದೆ.

"ಹೋಗಿ ನೋಡ್ಕೊಂಡು ಬನ್ನಿ ಮಿಸ್ಟರ್ ಬ್ಲೂರ್," ಎಂದರು.

ಬಲೂನು ಕುರಿ ಹುಲ್ಲುಗಾವಲಿನ ಮುಳ್ಳುಪೊದೆಗೆ ಸಿಕ್ಕಿಕೊಂಡಿತ್ತು. ಹಿಕ್ಕೆಯಲ್ಲಿ ಮೊಣಕಾಲೂರಿ ಹಗ್ಗವನ್ನೆಲ್ಲ ಎಳೆದು ನೋಡಿದೆ. ಅಲ್ಲೂ ಪಟ್ಟಿ ಇರಲಿಲ್ಲ. ಬಂದು ಹೇಳಿದಾಗ ಮಿಸ್ ಶೆಂಟನ್ ಮುಖದಲ್ಲಿ ನಗು ಮೂಡಿತು. ನನ್ನ ಪ್ಯಾಂಟು ನೋಡಿ ನಕ್ಕರೋ ಸುದ್ದಿ ಕೇಳಿ ನಕ್ಕರೋ ತಿಳಿಯಲಿಲ್ಲ.

ಶನಿವಾರ ಗೇಟು ತೆರೆಯುವ ಮೊದಲು ಮೇವಿಸ್‌ಳ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಫ್ರೇನ್ ಬೀಗ ಹಿಡಿದೇ ಬಂದಿದ್ದ. ಆಲ್ಕಾಕ್ ಕೆಸರು ಬೂಟಿನಲ್ಲಿ ಬಂದ. ಡೆಸ್ಮಂಡ್ ಚೀಸ್ ಹಾಕಿದ ರೊಟ್ಟಿ ಮೆಲ್ಲುತ್ತಿದ್ದ. ಮೇವಿಸ್ ಒಲೆ ಹಚ್ಚಿದಳು. ಒಬ್ಬರ ಮುಖವನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ.

ಮಿಸ್ ಶೆಂಟನ್ ಕೈಚೀಲದಿಂದ ಕೆಂಪು ಪಟ್ಟಿ ಸುತ್ತಿದ ಗೇಣುದ್ದ ಹಗ್ಗವನ್ನು ತೆಗೆದು ಮೇಜಿನ ಮೇಲಿಟ್ಟರು. "ಬಲೂನಿನ ಹಗ್ಗದ ತುಂಡು ಇದು. ಮುಳ್ಳುಪೊದೆಯಲ್ಲಿ ಮಿಸ್ಟರ್ ಬ್ಲೂರ್‌ಗೆ ಸಿಕ್ತು. ಮ್ಯಾಂಚೆಸ್ಟರಿನ ಕೋಸ್ಟರ್ ಸಂಘದವ್ರು ಕೇಳಿದ್ರು. ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಕೊಟ್ಬಿಡೋಣ ಅಂತಿದೀನಿ."

ನನಗೆ ಅಂಥದ್ದೇನೂ ಸಿಕ್ಕಿರಲಿಲ್ಲ.

ಡೆಸ್ಮಂಡ್ ಮೆಲ್ಲುವುದನ್ನು ನಿಲ್ಲಿಸಿದ. ಒಮ್ಮೆ ಹಗ್ಗವನ್ನು ನೋಡಿದ, ಬಾಗಿಲು ನೋಡಿದ, ಮತ್ತೆ ಹಗ್ಗವನ್ನು ನೋಡಿದ. ಅವನ ಕಿವಿ ಕೆಂಪಾಯಿತು.

"ಅವ್ರಿಗೆ ಕೊಡ್ಬೇಡಿ. ಅಸಲಿ ಅಲ್ಲ ಅದು," ಎಂದ. "ಅಸಲಿ ಪಟ್ಟಿ ಮೇಲೆ ಕಪ್ಪು ಬಾಣದ ಗುರುತಿದೆ."

"ಹೌದು, ಇದೆ," ಎಂದರು ಮಿಸ್ ಶೆಂಟನ್. "ಆ ಬಾಣ ಹಾಕಿದ್ದು ರಾಟೆಯವನು. ಅವನು ನನ್ನೊಬ್ಬಳಿಗೇ ಹೇಳಿದ್ದು. ಬಲೂನು ಮೇಲೇರೋ ತನಕ ಪಟ್ಟಿ ರಾಟೆ ಒಳಗೇ ಸುತ್ಕೊಂಡಿತ್ತು. ಆಮೇಲೆ ಅದನ್ನ ಹತ್ತಿರದಿಂದ ನೋಡಿದೋನು ಕುಯ್ದೋನು ಒಬ್ಬನೇ."

ಮಿಸ್ ಶೆಂಟನ್ ಒಂದೊಂದಾಗಿ ಬಿಡಿಸಿ ಹೇಳಿದರು. ಕೋಸ್ಟರ್ ಬೇಡವೆನ್ನುವವರಿಗೆ ಆ ಬಲೂನು ಎಲ್ಲರ ಕಣ್ಣಿಗೆ ಬೀಳುವುದೇ ಬೇಕಿತ್ತು, ಏಕೆಂದರೆ ನೋಡಿದರೆ ತಾನೇ ಊರು ರೊಚ್ಚಿಗೇಳುವುದು? ಹಾಗಾಗಿ ಮೇವಿಸ್ ಬಾಯಿಗೆ ಬಂದಂತೆ ಕೂಗಾಡಿಯಾಳು, ಕುಯ್ಯಲಾರಳು. ಆಲ್ಕಾಕ್‌ನೂ ಅಷ್ಟೇ. ಫ್ರೇನ್‌ಗಂತೂ ಬಲೂನಿಲ್ಲದೆ ಕೌನ್ಸಿಲ್ ಒಪ್ಪಿಗೆಯೇ ಇಲ್ಲ. ಅದು ಕಣ್ಣಿಗೆ ಬೀಳಬಾರದಾಗಿದ್ದದ್ದು ಒಬ್ಬನಿಗೆ ಮಾತ್ರ, ಎತ್ತರದ ಬಗ್ಗೆ ವರ್ಷವಿಡೀ ಬುರುಡೆ ಬಿಟ್ಟವನಿಗೆ.

"ಪಟ್ಟಿ ರಾಟೆಯಲ್ಲೂ ಇಲ್ಲ, ಬಲೂನಿನಲ್ಲೂ ಇಲ್ಲ ಅಂದ್ರೆ ಹಗ್ಗಾನ ಎರಡು ಸಲ ಕುಯ್ದಿದಾರೆ," ಎಂದು ಅವರು ಮುಂದುವರಿಸಿದರು. "ಮೊದಲನೇದು ಪಟ್ಟಿ ಮೇಲ್ಗಡೆ, ಬಲೂನು ಬಿಡೋಕೆ. ಎರಡನೇದು ಪಟ್ಟಿ ಕೆಳಗಡೆ. ಅದ್ಯಾಕೆ? ಸಿಟ್ಟಿಂದ ಕುಯ್ಯೋರು ಒಂದೇಟಿಗೆ ಕುಯ್ದು ಓಡ್ತಾರೆ. ನಿಂತು ಒಂದು ತುಂಡು ನೆನಪಿಗೆ ಅಂತ ಇಟ್ಕೊಳ್ಳೋರು ನೀವುಗಳು ಮಾತ್ರ, ಮಿಸ್ಟರ್ ಟನಿಕ್ಲಿಫ್."

ಡೆಸ್ಮಂಡ್ ಕೋಟಿನ ಒಳಜೇಬಿಗೆ ಕೈ ಹಾಕಿದ. ಮೆತ್ತನೆಯ ಕಾಗದದಲ್ಲಿ ಜೋಪಾನವಾಗಿ ಸುತ್ತಿದ್ದ ಹಗ್ಗದ ತುಂಡನ್ನು ಮೇಜಿನ ಮೇಲಿಟ್ಟ. ಕಪ್ಪು ಬಾಣ ಎದ್ದು ಕಾಣುತ್ತಿತ್ತು.

"ಪಾರ್ಕ್ ಒಳಗೆ ನನಗೆ ಯಾರೂ ಗೊತ್ತಿಲ್ಲ," ಎಂದ ಮೆಲ್ಲಗೆ. "ಒಂದ್ಸಲ ಸುಮ್ನೆ ಅಂದೆ. ಜನ ನಂಬಿದ್ರು. ಆಮೇಲೆ ನಿಲ್ಸೋಕಾಗ್ಲಿಲ್ಲ."

"ನನ್ನ ಚಾಕು?" ಎಂದಳು ಮೇವಿಸ್.

"ಟೇಬಲ್ ಮೇಲಿತ್ತು, ತಗೊಂಡೆ. ರಾಟೆಯವ್ನು ಕೆಮ್ಮಿದ್ದು ಕೇಳಿ ಭಯವಾಗಿ ಕೈ ಜಾರ್ತು. ನಿಮ್ಮ ಮೇಲೆ ಬರತ್ತೆ ಅಂತ ಗೊತ್ತಾದ್ಮೇಲೂ ಸುಮ್ನಿದ್ದೆ."

ನನಗೆ ಅವನನ್ನು ಅಲ್ಲೇ ನಾಲ್ಕು ಬಾರಿಸಬೇಕೆನ್ನಿಸಿತು. ಅಂಗಡಿ ಕಳೆದುಕೊಳ್ಳಲಿದ್ದವಳ ಕೈಯಿಂದಲೇ ರೊಟ್ಟಿ ತಿನ್ನುತ್ತಿದ್ದನಲ್ಲ! ಫ್ರೇನ್ ಬೀಗವನ್ನು ಜೇಬಿಗೆ ಸೇರಿಸಿ, ತಪ್ಪಾಯಿತೆಂದು ಮೇವಿಸ್‌ಗೆ ಗೊಣಗಿದ. ಮಿಸ್ ಶೆಂಟನ್ ಮೇಜಿನ ಮೇಲಿದ್ದ ನಕಲಿ ತುಂಡನ್ನು ನನಗೆ ದಾಟಿಸಿದರು. ನನ್ನದೇ ಬಟ್ಟೆ ಒಣಹಾಕುವ ಹಗ್ಗವದು. ಕುಯ್ಯುವ ಮುನ್ನ ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತೋ!

ಮರುದಿನ ಆಕಾಶ ತಿಳಿಯಾಗಿತ್ತು. ಇನ್ನೊಂದು ಬಲೂನು ಮೇಲೇರಿ ಓಕ್ ಮರಗಳನ್ನು ದಾಟಿ, ಇನ್ನೂ ಒಂದಿಷ್ಟು ಏರಿ, ನಿಂತುಬಿಟ್ಟಿತು. ಅಷ್ಟೇ. ಬೇಲಿಯ ಪಕ್ಕದಲ್ಲಿದ್ದ ದಂಡಿಗೆ ದಂಡೇ ತಿರುಗಿ ಡೆಸ್ಮಂಡ್‌ನನ್ನು ನೋಡಿತು. ಅವನು ತಪ್ಪಿಸಿಕೊಳ್ಳಲಿಲ್ಲ, ಸುಳ್ಳು ಹೇಳಿದ್ದೆನೆಂದು ಎಲ್ಲರೆದುರು ಒಪ್ಪಿಕೊಂಡ. ಆದರೂ ಬಲೂನು ಮೇವಿಸ್‌ಳ ಮಲಗುವ ಕೋಣೆಯ ಕಿಟಕಿಯ ಎದುರಿಗೇ ತೂಗುತ್ತಿತ್ತು. ಅವಳು ಅದನ್ನು ನೋಡಿಕೊಂಡು ಬಂದು, ಅಂಗಡಿಯ ಬಾಗಿಲಿಗೆ 'ಕೋಸ್ಟರ್ ಬೇಡ' ಎಂಬ ಹಲಗೆ ಹೊಡೆದಳು. ಫ್ರೇನ್ ಅದನ್ನು ಓದಿ ಹಾಗೇ ಬಿಟ್ಟ. ಕೋಸ್ಟರ್ ಬೇಕೆನ್ನುವವರೆಲ್ಲ ಅದೇ ಹಲಗೆಯ ಕೆಳಗೆ ರೊಟ್ಟಿಗೆ ಸಾಲು ನಿಂತರು. ನಾನೂ ನಿಂತೆ.

ಕೊನೆಯಲ್ಲಿ ಡೆಸ್ಮಂಡ್ ಬಂದ. ಮೇವಿಸ್, ಪೊಲೀಸರು ಹಿಂದಿರುಗಿಸಿದ್ದ ಅದೇ ಚಾಕುವಿನಿಂದ ಒಂದು ರೊಟ್ಟಿ ಕುಯ್ದು ಅವನ ಕೈಗಿಟ್ಟಳು.

"ಚೀಸ್ ಹಾಕಲ್ಲ," ಎಂದಳು. "ಇನ್ನೂ ಸಿಟ್ಟಿದೆ ನಂಗೆ."