ಹದಿನಾಲ್ಕನೇ ಪೋರ್ಟ್

ಪೀಣ್ಯದ ಆ ಕಾರ್ಖಾನೆಯ ಕುಲುಮೆ ಕೋಣೆಯಲ್ಲಿ ದಾಸಪ್ಪ ಗೋಡೆಗೆ ಒರಗಿ ಕೂತಿದ್ದ. ಕೈಯಲ್ಲಿ ಒರೆಸುವ ಬಟ್ಟೆ. ನಿದ್ದೆ ಹೋಗಿದ್ದಾನೆಂದು ಜೊತೆಯವರು ಎರಡು ಸಲ ಕೂಗಿದರು. ಮೂರನೆಯ ಸಲ ಕೂಗಲಿಲ್ಲ. ಆಗ ಬೆಳಿಗ್ಗೆ ಹನ್ನೊಂದು ಮುಕ್ಕಾಲು.

ಹಳೆಯ ವಾಲ್ವ್‌ನಿಂದ ನೈಟ್ರೋಜನ್ ಸೋರಿತ್ತು. ಅದಕ್ಕೆ ವಾಸನೆಯಿಲ್ಲ. ಆಮ್ಲಜನಕ ಕಡಿಮೆಯಾದರೆ ಎಚ್ಚರಿಸಲು ಅಲ್ಲೊಂದು ಸೆನ್ಸರ್ ಇತ್ತು. ಅದರ ಕೇಬಲ್ ಹೋಗುತ್ತಿದ್ದುದು ಕೇಬಲ್‌ಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಎಂಬ ಪೆಟ್ಟಿಗೆಗೆ, ಅಲ್ಲಿಂದ ಕಂಟ್ರೋಲ್ ರೂಮಿನ ಸೈರನ್‌ಗೆ. ಅಂದು ಸೈರನ್ ಕೂಗಲೇ ಇಲ್ಲ.

ಮರುದಿನ ಶ್ಯಾಮಣ್ಣನ ಬಂಧನವಾಯಿತು. ಕಂಟ್ರೋಲ್ ರೂಮಿನ ರಾತ್ರಿ ಪಾಳಿಯವನು. ಸತ್ತವನ ಹೆಂಡತಿಗೆ ಒಡಹುಟ್ಟಿದ ಅಣ್ಣ. ಸೆನ್ಸರಿನ ಸಂಪರ್ಕವನ್ನು ಯಾರೋ 5:47ಕ್ಕೆ ಮುಚ್ಚಿದ್ದಾರೆ ಎನ್ನುತ್ತಿತ್ತು ಸ್ವಿಚ್‌ನ ದಾಖಲೆ. ಶ್ಯಾಮಣ್ಣನ ಪಾಳಿ ಮುಗಿಯುವುದು ಆರಕ್ಕೆ. ಹಿಂದಿನ ವಾರವಷ್ಟೇ ದಾಸಪ್ಪನ ಕುಡಿತದ ವಿಷಯಕ್ಕೆ ಇಬ್ಬರೂ ಹೊಡೆದಾಡಿಕೊಂಡಿದ್ದರು.

“ನಿನ್ ಉಸ್ರು ನಿಲ್ಸ್‌ಬಿಡ್ತೀನಿ ಅಂದಿದ್ದ ಸಾರ್ ನಮ್ಮಣ್ಣ,” ಎಂದು ದಾಸಪ್ಪನ ಹೆಂಡತಿ ಮುನಿಯಕ್ಕ ಅಳುತ್ತಲೇ ಹೇಳಿಕೆ ಕೊಟ್ಟಳು.

*

ಸಬ್ ಇನ್ಸ್‌ಪೆಕ್ಟರ್ ವನಜಾಗೆ ಯಾಕೋ ಸಮಾಧಾನವಿರಲಿಲ್ಲ. ಬಂಧನದ ಒಂಬತ್ತನೇ ದಿನ ದೊಡ್ಡನೆಕ್ಕುಂದಿಯಿಂದ ನೆಟ್‌ವರ್ಕ್ ಎಂಜಿನಿಯರ್ ಕೃಪಾಳನ್ನು ಕರೆಸಿದಳು.

ಮೇಂಟೆನೆನ್ಸ್ ಮ್ಯಾನೇಜರ್ ನಂದೀಶ್ ಸ್ವಿಚ್ ಇದ್ದ ಕೋಣೆಯ ಬಾಗಿಲಲ್ಲೇ ನಿಂತಿದ್ದ. “ಇಲಿ ಕಾಟ ಮೇಡಂ. ಕೇಬಲ್ ಕಡಿದಿರ್ಬೇಕು ಅಂತ ನಾವು ಮೊದಲು ಅಂದ್ಕೊಂಡ್ವಿ.”

ಕೃಪಾ ಕೇಬಲ್ ಪರೀಕ್ಷಿಸಿದಳು. ಸರಿಯಾಗಿತ್ತು. ಸ್ವಿಚ್‌ನಲ್ಲಿ ಅದನ್ನು ಸಿಕ್ಕಿಸಿದ್ದ ಹದಿನಾಲ್ಕನೇ ಪೋರ್ಟಿನ ದೀಪ ಮಾತ್ರ ಆರಿತ್ತು.

“ಇದು ಕೆಟ್ಟಿಲ್ಲ. ಕಮಾಂಡ್ ಕೊಟ್ಟು ಮುಚ್ಚಿದ್ದಾರೆ,” ಎಂದಳು. “ಕಮಾಂಡ್ ಬಂದಿರೋದು ಮೇಂಟೆನೆನ್ಸ್ ರೂಮಿನ ಕಂಪ್ಯೂಟರಿಂದ.”

“ಆ ರೂಮಿನ ಕೀ ರಾತ್ರಿ ಪಾಳಿಯವ್ರ ಹತ್ರಾನೂ ಇರುತ್ತೆ. ಪಾಸ್‌ವರ್ಡೂ ಎಲ್ರಿಗೂ ಗೊತ್ತು,” ಎಂದ ನಂದೀಶ್.

ಕೃಪಾ ಖಾಲಿ ಪೋರ್ಟ್ ಒಂದಕ್ಕೆ ತನ್ನ ಲ್ಯಾಪ್‌ಟಾಪಿನ ಕೇಬಲ್ ಚುಚ್ಚಿ, ಕಿತ್ತಳು.

“ಮೇಡಂ, ಈಗೆಷ್ಟು ಗಂಟೆ?”

“ಹನ್ನೆರಡೂ ಹತ್ತು.”

ಕೃಪಾ ಪರದೆಯನ್ನು ವನಜಾಳ ಕಡೆಗೆ ತಿರುಗಿಸಿದಳು. ಕೇಬಲ್ ಕಿತ್ತ ಸಮಯ 6:40 ಎಂದಿತ್ತು.

*

“ಈ ಸ್ವಿಚ್‌ಗೆ ನಮ್ಮ ಸಮಯ ಯಾರೂ ಹೊಂದಿಸಿಲ್ಲ,” ಕೃಪಾ ವಿವರಿಸಿದಳು. “ಗ್ರೀನ್‌ವಿಚ್ ಸಮಯದಲ್ಲೇ ಓಡ್ತಿದೆ, ನಮಗಿಂತ ಐದೂವರೆ ಗಂಟೆ ಹಿಂದೆ. 5:47 ಅಂದ್ರೆ ನಿಜವಾಗಿ ಹನ್ನೊಂದೂ ಹದಿನೇಳು.”

ಶ್ಯಾಮಣ್ಣ ಆರೂ ಎರಡಕ್ಕೆ ಗೇಟು ದಾಟಿದ್ದಕ್ಕೆ ಹಾಜರಾತಿಯ ಬೆರಳಚ್ಚು ಇತ್ತು. ಹನ್ನೊಂದೂ ಹದಿನೇಳಕ್ಕೆ ಮೇಂಟೆನೆನ್ಸ್ ರೂಮಿನಲ್ಲಿ ಯಾರಿದ್ದರು? ಕಾರಿಡಾರಿನ ಕ್ಯಾಮೆರಾದಲ್ಲಿ ಆ ಹೊತ್ತಿನ ದೃಶ್ಯವನ್ನು ಯಾರೂ ನೋಡಿರಲಿಲ್ಲ. ವನಜಾ ಈಗ ನೋಡಿದಳು. ಒಳಗೆ ಹೋಗಿದ್ದವನು ಒಬ್ಬನೇ.

ನಂದೀಶ್ ಕುರ್ಚಿಯ ಮೇಲೆ ಕುಸಿದ.

“ಹೊರದೇಶದ ಗಿರಾಕಿಗಳು ಬಂದಿದ್ರು ಮೇಡಂ. ಹಿಂದಿನ ದಿನ ಸೈರನ್ ಸುಮ್‌ಸುಮ್ನೆ ಎರಡು ಸಲ ಕೂಗಿತ್ತು. ಸೆನ್ಸರ್ರೇ ಕೆಟ್ಟಿದೆ ಅಂದ್ಕೊಂಡೆ. ಅವ್ರು ಹೋಗೋವರ್ಗೂ ಸುಮ್ನಿರ್ಲಿ ಅಂತ ಆಫ್ ಮಾಡ್ದೆ.”

“ದಾಸಪ್ಪನ್ನ ಒಳಗೆ ಕಳಿಸಿದ್ದು ಯಾರು?”



“ನಾನೇ. ಗೆಸ್ಟ್ ಬರ್ತಾರೆ, ಒಂಚೂರು ಒರೆಸಿಬಿಡು ಅಂದೆ.”

“ಶ್ಯಾಮಣ್ಣ ಒಂಬತ್ತು ದಿನದಿಂದ ಒಳಗಿದ್ದಾನಲ್ರೀ?”

“ದಿನಾ ಬಂದು ಹೇಳ್ಬೇಕು ಅಂದ್ಕೋತಿದ್ದೆ ಮೇಡಂ.” ಅವನು ಮುಖ ಮುಚ್ಚಿಕೊಂಡ.

*

ಶ್ಯಾಮಣ್ಣ ಬಿಡುಗಡೆಯಾದ ದಿನ ಮುನಿಯಕ್ಕ ಜೈಲಿನ ಗೇಟಿನ ಎದುರು ನಿಂತಿದ್ದಳು. ಅಣ್ಣ ಹೊರಗೆ ಬಂದಾಗ ತಲೆ ಎತ್ತಲಿಲ್ಲ. ಗಡ್ಡ ಬೆಳೆದ ಅವನು ಅವಳ ಹತ್ತಿರ ಬಂದು ನಿಂತ.

“ನಾನೇ ಯೋಳ್ಬಿಟ್ಟೆ ಕಣಣ್ಣಾ. ನಿನ್ನ ಮೇಲೆ ನಾನೇ ಯೋಳ್ಬಿಟ್ಟೆ.”

“ನಾನೂ ಆ ಮಾತು ಆಡಿದ್ದೆ ಅಲ್ವಾ ಮುನಿಯಾ? ಕೋಪದಲ್ಲಿ ಆಡ್ಬಿಟ್ಟೆ.”

“ಮಣ್ಣಿಗೂ ಬರಕ್ಕಾಗ್ಲಿಲ್ಲ ನಿಂಗೆ.”

“ಎಲ್ಲಿ ಮಾಡಿದ್ರಿ?”

“ಮಾಕಳೀಲಿ. ಅವ್ರಪ್ಪನ ಪಕ್ಕದಲ್ಲೇ.”

“ನಡಿ, ಮೊದ್ಲು ಅಲ್ಲಿಗೆ ಓಗಣ.”

ಮುನಿಯಕ್ಕ ಅವನ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ತೆಗೆದುಕೊಂಡಳು. ಇಬ್ಬರೂ ಬಸ್ ಸ್ಟಾಪಿನ ಕಡೆಗೆ ನಡೆದರು.