ಇಂಚಿನ ಕೀ

ಪೆಟ್ಟಿಗೆಯ ಮುದ್ರೆ ಒಡೆದಿತ್ತು. ಮುಚ್ಚಳ ಪಕ್ಕದಲ್ಲಿತ್ತು, ನಾಲ್ಕು ಸ್ಕ್ರೂಗಳು ಮೇಜಿನ ಮೇಲೆ ಹೊಳೆಯುತ್ತಿದ್ದವು.

ಗುರಿ ಹಿಡಿಯುವ ಆ ಪೆಟ್ಟಿಗೆ ಅಮೆರಿಕದ್ದು. ಕ್ಷಿಪಣಿ ಮಾತ್ರ ನಮ್ಮದು, ನಾರ್ವೆಯದು. ಪೆಟ್ಟಿಗೆಯನ್ನು ಇಲ್ಲಿ ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದವರ ಕೆಲಸ ಹೋದಂತೆಯೇ.

ಅದಿದ್ದ ಕೋಣೆಗೆ ಹೋಗಬಲ್ಲವರು ಇಬ್ಬರೇ: ನಮ್ಮ ಎಂಜಿನಿಯರ್ ಸುನ್ನಿವಾ, ಪೆಟ್ಟಿಗೆಯನ್ನು ಕ್ಷಿಪಣಿಗೆ ಕೂರಿಸಲು ಬಂದಿರುವ ಅಮೆರಿಕದ ಕರ್ಟಿಸ್. ಸುನ್ನಿವಾ ಅಂಥದೇ ಪೆಟ್ಟಿಗೆಯನ್ನು ಇಲ್ಲೇ ಮಾಡಿದ್ದಳು. ಸೋಮವಾರ ಅದರ ಪರೀಕ್ಷೆ. ಕದ್ದು ನೋಡಿ ಮಾಡಿದ್ದಾಳೆ ಎಂದಾದರೆ ಅವಳ ಆರು ವರ್ಷದ ದುಡಿಮೆ ಮಣ್ಣುಪಾಲು.

ತನಿಖೆಗೆಂದು ನಿವೃತ್ತ ಪೊಲೀಸ್ ಅಧಿಕಾರಿ ಬೊರ್ಗಿಲ್ಡ್ ಬಂದರು. ಕಾರ್ಖಾನೆಯ ಕಾವಲಿನವನಾದ ನಾನು ಹಿಂದೆಯೇ ಹೊರಟೆ. ಸುನ್ನಿವಾಳ ಖಾನೆಯಲ್ಲಿ ಇಂಥ ಸ್ಕ್ರೂ ಬಿಚ್ಚುವ ಆರು ಮೂಲೆಯ ಆಲನ್ ಕೀಗಳ ಗೊಂಚಲು ಸಿಕ್ಕಾಗ ಗೆದ್ದೆ ಎಂದುಕೊಂಡೆ.

"ನಾನು ಮುಟ್ಟಿಲ್ಲ," ಎಂದಳು ಸುನ್ನಿವಾ.

ಕರ್ಟಿಸ್ ಮಾತ್ರ ಆರಾಮಾಗಿದ್ದ. ಬೊರ್ಗಿಲ್ಡ್ ಅವನ ಕೀಗಳ ಬಗ್ಗೆ ಕೇಳಿದರು.

"ನನ್ನ ಜೇಬಲ್ಲೇ ಇರುತ್ತೆ. ಯಾರ ಕೈಗೂ ಕೊಡಲ್ಲ."

"ನಿನ್ನೆನೂ?"

"ಯಾವತ್ತೂ."

ಅವನು ಸುಳ್ಳು ಹೇಳುತ್ತಿಲ್ಲ ಅನ್ನಿಸಿತು. ಅವಳೂ ಸುಳ್ಳು ಹೇಳುವವಳಲ್ಲ. ಹಾಗಾದರೆ ಬಿಚ್ಚಿದ್ದು ದೆವ್ವವೆ? ನನ್ನ ತಲೆ ಕೆಟ್ಟು ಹೋಯಿತು.

ಬೊರ್ಗಿಲ್ಡ್ ಕಂದು ಚೀಸಿನ ಬ್ರೆಡ್ ಮುಗಿಸಿ, ಒಂದು ಸ್ಕ್ರೂ ಎತ್ತಿ ನನ್ನ ಅಂಗೈಗಿಟ್ಟರು.

"ಸುನ್ನಿವಾಳ ಕೀ ಹಾಕಿ ತಿರುಗಿಸು ನೋಡೋಣ."

ಒಂದು ಕೀ ಒಳಗೇ ಹೋಗಲಿಲ್ಲ. ಅದಕ್ಕಿಂತ ಸಣ್ಣದು ಜಾರಿ ಸ್ಕ್ರೂವಿನ ಅಂಚನ್ನೇ ಸವೆಸಿತು.

"ನಮ್ಮ ಕಾರ್ಖಾನೆಲಿ ಎಲ್ಲಾ ಮಿಲಿಮೀಟರ್ ಲೆಕ್ಕ. ಈ ಸ್ಕ್ರೂ ಇಂಚಿನದು. ನಮ್ಮ ಕೀಯಿಂದ ಬಿಚ್ಚಿದ್ರೆ ಹೀಗೆ ಸವೀಬೇಕಿತ್ತು. ಉಳಿದ ಮೂರು ನೋಡು, ಹೊಸದರ ಹಾಗಿವೆ. ಇಂಚಿನ ಕೀ ಇರೋದು ಒಬ್ಬರ ಜೇಬಲ್ಲಿ. ಅದನ್ನ ಯಾರಿಗೂ ಕೊಡಲ್ಲ ಅಂತ ಅವರೇ ಹೇಳಿದ್ರು. ಅಲ್ವಾ ಕರ್ಟಿಸ್?"

ಕರ್ಟಿಸ್‌ನ ಕೈ ತಾನಾಗಿ ಜೇಬಿಗೆ ಹೋಯಿತು. ಸುನ್ನಿವಾಳ ಪೆಟ್ಟಿಗೆ ಗೆದ್ದರೆ ತಮ್ಮದನ್ನು ಕೊಳ್ಳುವವರಿರುವುದಿಲ್ಲ ಎಂದು ಹೆದರಿ, ತಪ್ಪು ಅವಳ ತಲೆಗೆ ಬರಲೆಂದು ಬಿಚ್ಚಿಟ್ಟೆ ಎಂದು ಒಪ್ಪಿಕೊಂಡ. ನನಗೆ ನಾಚಿಕೆಯಾಯಿತು, ಕೀ ಸಿಕ್ಕಿತೆಂದು ಕುಣಿದವನು ಅಳತೆ ನೋಡಿರಲಿಲ್ಲ.

ಕಾರ್ಖಾನೆಯ ನಿರ್ದೇಶಕರು ಬಂದು, ಧೂಳು ಬೀಳುವ ಮೊದಲು ಪೆಟ್ಟಿಗೆ ಮುಚ್ಚಿಸಿ ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಇಡೀ ಕಾರ್ಖಾನೆಯಲ್ಲಿ ಅದಕ್ಕೆ ಹೊಂದುವ ಇನ್ನೊಂದು ಕೀ ಇರಲಿಲ್ಲ. ಕೊನೆಗೆ ಬೊರ್ಗಿಲ್ಡ್ ಅವರೇ ಅಪರಾಧಿಯ ಮುಂದೆ ಕೈ ಚಾಚಿದರು.

"ಸ್ವಲ್ಪ ಕೀ ಕೊಡ್ತೀರಾ?"

ಸುನ್ನಿವಾ ತನ್ನ ಗೊಂಚಲನ್ನು ಎತ್ತಿಕೊಂಡು ಸೋಮವಾರದ ಪರೀಕ್ಷೆಯ ತಯಾರಿಗೆ ಹೊರಟಳು.